ಹಿಂದಿನ ಸೀಟಿನ ಬುಡದ ಸದ್ದು

ವಿದ್ಯಾನಗರದ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ರಾಜೇಶ್ವರಿ ಎಂಜಿನ್ ಆರಿಸಿದಳು. ಧಾರವಾಡದಿಂದ ಓಡಿಬಂದ ಕಾರಿನ ಬಾನೆಟ್ಟು ಮುಟ್ಟಿದರೆ ಸುಡುತ್ತಿತ್ತು. ಅವಳಿಗೆ ಬೇಕಾಗಿದ್ದೂ ಅದೇ.

ಅವಳ ಗಂಡ ಗುರುಬಸವ ಆಗಲೇ ಇಳಿದಿದ್ದ. "ಅಸ್ಫಾಕ, ಕಡೀ ಸಲ ನೋಡಪಾ. ಸಂಜಿಗೆ ಗಾಡಿ ತಗೊಳ್ಳಾವ್ರು ಬರ್ತಾರ. ಅವ್ರ ಮುಂದ ಚಾಲೂ ಆದ್ರ ಸಾಕು."

ಹದಿನಾಲ್ಕು ವರ್ಷದ ಕಾರು. ತಾನು ಕಲಿಸುವ ಅಮ್ಮಿನಬಾವಿಯ ಹೈಸ್ಕೂಲಿಗೆ ಅವಳು ತಾನೇ ಓಡಿಸಿಕೊಂಡು ಹೋಗತೊಡಗಿ ಎರಡು ವರ್ಷ. ಆರು ತಿಂಗಳಿಂದ ಅದು ಬಿಸಿಯಾದರೆ ಜಗ್ಗಿ ಜಗ್ಗಿ ಓಡುತ್ತಿತ್ತು. ಆರಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಶುರುವಾಗುತ್ತಿರಲಿಲ್ಲ. ಬ್ಯಾಟರಿ ಬದಲಾಯಿತು, ಪ್ಲಗ್ಗುಗಳು ಬದಲಾದವು, ಇಂಜೆಕ್ಟರ್ ತೊಳೆದದ್ದಾಯಿತು. ಪ್ರತಿ ಸಲವೂ ಗಂಡ ಕಾರನ್ನು ಎಳೆಸಿ ತಂದು ಗ್ಯಾರೇಜಿನಲ್ಲಿ ಬಿಟ್ಟುಹೋಗುತ್ತಿದ್ದ. ಮೇಸ್ತ್ರಿ ಅಸ್ಫಾಕ ಮರುದಿನ ಬೆಳಿಗ್ಗೆ ಕೀಲಿ ತಿರುವುತ್ತಿದ್ದ. ತಣ್ಣಗಾದ ಕಾರು ಒಂದೇ ಏಟಿಗೆ ಶುರು! "ಗಾಡಿ ಛಲೋ ಐತ್ರಿ ಸರ. ಮೇಡಮ್ಮಾರು ಎಕ್ಸಲೇಟರ್ ಭಾಳ ತುಳೀತಿರಬೇಕು." ಆ ಮಾತನ್ನು ಗಂಡ ಆರು ತಿಂಗಳು ಊಟದ ಜೊತೆ ಬಡಿಸಿದ. ಕೊನೆಗೊಂದು ದಿನ, ಮಾರಿಬಿಡೂಣು, ನೀ ಬಸ್ಸಿಗೆ ಹೋಗು, ಎಂದ.

ಅಸ್ಫಾಕ ಕೈ ಒರೆಸಿಕೊಳ್ಳುತ್ತ ಬಂದ. "ಬಿಟ್ಟು ಹೋಗ್ರಿ ಅಕ್ಕಾರ, ನಾಳೆ ಮುಂಜಾನೆ ನೋಡ್ತೇನಿ."

"ನಾಳೆ ನೋಡಿ ನೋಡಿ ಆರು ತಿಂಗಳ ಆತು. ಚಾ ಕುಡೀರಿ. ಹತ್ತು ನಿಮಿಷ ತಡದು, ಇವತ್ತ ನೋಡ್ರಿ."

"ಇಕಿನೂ ಈಗ ಮೇಸ್ತ್ರಿ ಆಗ್ಯಾಳ," ಎಂದ ಗುರುಬಸವ. ಇಬ್ಬರೂ ನಕ್ಕರು. ಅವಳು ನಗಲಿಲ್ಲ, ಚಹಾ ಮುಟ್ಟಲೂ ಇಲ್ಲ.

ಹತ್ತು ನಿಮಿಷ ಕಳೆದ ಮೇಲೆ ಅಸ್ಫಾಕನನ್ನು ಸ್ಟೇರಿಂಗ್ ಮುಂದೆ ಕೂಡಿಸಿ, ತಾನು ಹಿಂದಿನ ಸೀಟಿಗೆ ಹೋಗಿ ಕೂತಳು. "ಶುರು ಮಾಡಬ್ಯಾಡ್ರಿ. ಬರೇ ಕೀಲಿ ತಿರುವ್ರಿ. ಏನ ಕೇಳಿಸ್ತು?"

"ಏನೂ ಇಲ್ಲಲ್ರಿ."

"ಅದನ್ನ ಹೇಳಾಕತ್ತೇನಿ. ಕೀಲಿ ತಿರುವಿದ ಕೂಡ್ಲೆ ಈ ಸೀಟಿನ ಬುಡಕ ಎರಡು ಸೆಕೆಂಡ ಗುಂಯ್ ಅನ್ನಬೇಕು. ಅನ್ನದಿದ್ದಾಗ ಗಾಡಿ ಶುರು ಆಗೂದಿಲ್ಲ."

ಅಸ್ಫಾಕನ ನಗು ಇಳಿಯಿತು. "ಟ್ಯಾಂಕಿನ್ಯಾಗಿನ ಪೆಟ್ರೋಲ್ ಪಂಪಿನ ಸದ್ದು ಅದು! ನಿಮಗ ಹೆಂಗ ಗೊತ್ತಾತ್ರಿ?"

ಗೊತ್ತಾಗದೆ ಏನು? ಹನ್ನೆರಡು ವರ್ಷ ಮುಂದಿನ ಸೀಟು ಅತ್ತೆಯದಾಗಿತ್ತು. ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು, ಹಿಂದಿನ ಸೀಟಿನಲ್ಲಿ, ಆ ಪೆಟ್ರೋಲ್ ಟ್ಯಾಂಕಿನ ಮೇಲೆಯೇ ಕೂತು ತಿರುಗಿದವಳು ರಾಜೇಶ್ವರಿ. ಆ ಸದ್ದನ್ನು ಅವಳಷ್ಟು ಕೇಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡನಿಗೆ ಮೂರು ಸಲ ಹೇಳಿದ್ದಳು. ಸದ್ದು ಕೇಳಿ ಗಾಡಿ ರಿಪೇರಿ ಮಾಡ್ತಿ ಏನು, ಅಂದಿದ್ದ.

ಅಸ್ಫಾಕ ಬಾನೆಟ್ಟು ಎತ್ತಿ, ಫ್ಯೂಜಿನ ಡಬ್ಬಿಯಿಂದ ಬೆಂಕಿಪೆಟ್ಟಿಗೆಗಿಂತ ಸಣ್ಣ ಕರಿ ರಿಲೇಯೊಂದನ್ನು ಕಿತ್ತ. ಅದರ ಜಾಗಕ್ಕೆ ಹಾರ್ನಿನ ರಿಲೇ ಹಾಕಿ ಕೀಲಿ ತಿರುವಿದ. ಗುಂಯ್. ಒಂದೇ ಏಟಿಗೆ ಎಂಜಿನ್ ಎದ್ದಿತು.

"ಬಿಸಿ ಆದ್ರ ಈ ರಿಲೇ ಪಂಪಿಗೆ ಕರೆಂಟ್ ಬಿಡವಲ್ದು, ತಣ್ಣಗಾದ್ರ ಬಿಡತೈತಿ," ಎಂದ ಅಸ್ಫಾಕ. "ನಾ ಬರೇ ಮುಂಜಾನೆ ನೋಡ್ತಿದ್ನೆಲ್ರಿ, ತಪ್ಪಾತು. ನಾಳೆ ಹೊಸಾದು ಹಾಕ್ತೇನಿ. ಅಲ್ಲೀತನಕ ಹಾರ್ನ್ ಇಲ್ಲ."

ಗುರುಬಸವ ಹೆಂಡತಿಯ ಕಡೆ ತಿರುಗಿದ. "ಇಷ್ಟ ಏನು? ಮೊದ್ಲ ಹೇಳಬಾರದಾಗಿತ್ತಾ?"

ಅವಳ ಕಿವಿಯವರೆಗೂ ಬೆಂಕಿ ಏರಿತು. ಅಸ್ಫಾಕನನ್ನು ಇಳಿಸಿ ಸ್ಟೇರಿಂಗ್ ಮುಂದೆ ಹೋಗಿ ಕೂತು ಎಂಜಿನ್ ಆರಿಸಿದಳು. ತನ್ನ ಶಾಲೆಯ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟಳು.

"ಹಿಂದ ಕೂಡ್ರಿ."

"ರಾಜಿ, ಮಂದಿ ನೋಡಾಕತ್ತಾರ."

"ನೋಡ್ಲಿ. ಕೂಡ್ರಿ."

ಅವನು ಕೂತ. ಅವಳು ಕೀಲಿಯನ್ನು ಅರ್ಧ ತಿರುವಿದಳು. ಅವನ ಸೀಟಿನ ಬುಡದಲ್ಲಿ ಗುಂಯ್ ಎಂದಿತು.

"ಈಗ ಸಂಜಿಗೆ ಬರಾವ್ರಿಗೆ ಫೋನ್ ಹಚ್ಚರಿ. ಕಾರು ಮಾರೂದಿಲ್ಲ ಅನ್ರಿ."

"ಮನ್ಯಾಗ ಮಾತಾಡೂಣು..."

"ಇಲ್ಲೇ."

ಅವನು ಫೋನು ಕಿವಿಗಿಟ್ಟು, ಆ ಮಾತನ್ನು ಪೂರ್ತಿ ಆಡಿ ಮುಗಿಸುವವರೆಗೂ ಅವಳು ಕೀಲಿಯನ್ನು ಮುಂದೆ ತಿರುವಲಿಲ್ಲ.