ಹನ್ನೊಂದು ಸಾಲು

ಮಳೆ ಇನ್ನೂ ಹದಿನೈದು ದಿನ ದೂರವಿತ್ತು. ಹಳೆಯ ಹಾಲು ಸಂಗ್ರಹ ಕೇಂದ್ರದ ತಗಡಿನ ಮಾಡು ಬೆಳಿಗ್ಗೆ ಒಂಬತ್ತಕ್ಕೇ ಕಾದು ಟಿಕ್ ಟಿಕ್ ಎನ್ನತೊಡಗಿತ್ತು. ಹಿಂದೆ ಹಾಲಿನ ಕ್ಯಾನುಗಳು ನಿಲ್ಲುತ್ತಿದ್ದ ಸಿಮೆಂಟಿನ ಕಟ್ಟೆಯ ಮೇಲೆ ಈಗ ಹದಿನಾಲ್ಕು ಕಂಪ್ಯೂಟರುಗಳು ಸಾಲಾಗಿ ಕೂತು ಅಕ್ಕನ ಅನಿಮೇಷನ್ ಚಿತ್ರದ ಕೊನೆಯ ದೃಶ್ಯವನ್ನು ಬಿಡಿಸುತ್ತಿದ್ದವು. ಒಬ್ಬ ಮುದುಕಿ ಕುರಿಮರಿ ಎತ್ತಿಕೊಂಡು ಹೊಳೆ ದಾಟುತ್ತಾಳೆ. ಇಪ್ಪತ್ತು ಸೆಕೆಂಡು, ನಾನೂರ ಎಂಬತ್ತು ಫ್ರೇಮು. ಒಂದೊಂದು ಫ್ರೇಮಿಗೆ ಒಂಬತ್ತು ನಿಮಿಷ. ಸಂಜೆ ಐದಕ್ಕೆ, ಚಿತ್ರ ಕಳಿಸಬೇಕಾದ ಸ್ಪರ್ಧೆಯ ಬಾಗಿಲು ಮುಚ್ಚುತ್ತಿತ್ತು. ಅಕ್ಕ ಆ ಚಿತ್ರಕ್ಕೆ ಆರು ವರ್ಷ ಹಾಕಿದ್ದಳು.

ಯಂತ್ರಗಳನ್ನು ನೋಡಿಕೊಳ್ಳುವುದು ತಂಗಿಯ ಪಾಲಿನ ಕೆಲಸ. ಯಾವ ಫ್ರೇಮು ಯಾವ ಕಂಪ್ಯೂಟರಿಗೆ ಎಂದು ಹಂಚುವುದು ಒಂದು ತಂತ್ರಾಂಶ. ಬಳಸುವವರೆಲ್ಲ ಅದನ್ನು ಹಂಚುಗಾರ ಎನ್ನುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ತಿದ್ದಿದ್ದನ್ನು ಮರಳಿ ಎಲ್ಲರಿಗೂ ಕೊಡುವುದು ರೂಢಿ. ಆ ತಂತ್ರಾಂಶವನ್ನು ನೋಡಿಕೊಳ್ಳುವವನು ದೂರದಲ್ಲೆಲ್ಲೋ ಜೇನು ಸಾಕುತ್ತಿದ್ದ, ಎಲ್ಲರಿಗೂ ಜೇನಣ್ಣ. ಅವನ ಹೊಸ ಆವೃತ್ತಿಯಲ್ಲಿ, ಕಾದ ಕಂಪ್ಯೂಟರಿಗೆ ತುಸು ಹೊತ್ತು ವಿಶ್ರಾಂತಿ ಕೊಡುವ ಏರ್ಪಾಡು ಬಂದಿತ್ತು. ಈ ಬಿಸಿಲಿಗೆ ಇದೇ ಸರಿ ಎಂದು ತಂಗಿ ಹಿಂದಿನ ದಿನವೇ ಅದನ್ನು ಹಾಕಿದ್ದಳು.

ಹನ್ನೊಂದಕ್ಕೆ ಅಕ್ಕ ಪರದೆಯ ಹತ್ತಿರ ಬಗ್ಗಿದಳು.

"ಏನೇ ಇದು, ಅಜ್ಜಿ ಗಡ್ಡ ಬಿಟ್ಕೊಂಡಿದಾಳೆ?"

ಮುದುಕಿಯ ಮುಖದ ಕೆಳಗಿನ ಅರ್ಧ ಕಪ್ಪಾಗಿತ್ತು. ಮುಂದಿನ ಫ್ರೇಮಿನಲ್ಲಿ ಕುರಿಮರಿಗೆ ತಲೆಯೇ ಇರಲಿಲ್ಲ. ತಂಗಿ ಎಲ್ಲವನ್ನೂ ನಿಲ್ಲಿಸಿದಳು. ನೋಡಿದ ಕೂಡಲೇ ಅವಳಿಗೆ ಗೊತ್ತಾಗಿತ್ತು. ಏಳನೆಯ ಕಂಪ್ಯೂಟರು ಬಿಸಿಯಾಗಿ ಮಲಗಿದೆ. ಅದು ಮಾತಾಡದಿದ್ದಾಗ ಹಂಚುಗಾರ ಅದರ ಫ್ರೇಮನ್ನು ಮೂರನೆಯದಕ್ಕೆ ಕೊಟ್ಟಿದೆ. ಏಳನೆಯದು ಎದ್ದು, ಇದು ಇನ್ನೂ ನನ್ನದೇ ಎಂದುಕೊಂಡು ಬರೆದಿದೆ. ಒಂದೇ ಹಾಳೆಯ ಮೇಲೆ ಎರಡು ಕೈ.

ಎರಡು ವರ್ಷದ ಹಿಂದೆ ಇದೇ ಆಗಿತ್ತು. ಆಗ ಹನ್ನೊಂದು ಸಾಲು ಕೋಡ್ ಬರೆದು ತನ್ನ ಪ್ರತಿಯಲ್ಲಿ ಮಾತ್ರ ಸರಿಮಾಡಿಕೊಂಡಿದ್ದಳು. ಹೊಸ ಆವೃತ್ತಿ ಆ ಸಾಲುಗಳನ್ನು ಅಳಿಸಿಹಾಕಿತ್ತು.

"ಹಳೇದನ್ನೇ ಹಾಕು," ಎಂದಳು ಅಕ್ಕ.

"ಹಳೇದಕ್ಕೆ ವಿಶ್ರಾಂತಿ ಕೊಡೋಕೆ ಬರಲ್ಲಕ್ಕ. ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಕಣ್ಣು ಮುಚ್ಕೊಳ್ಳುತ್ತೆ."

ಇನ್ನೂ ಇನ್ನೂರ ಎಂಬತ್ತು ಫ್ರೇಮು ಬಾಕಿ. ಒಂದೂವರೆಯೊಳಗೆ ಮತ್ತೆ ಕೆಲಸ ಹೊರಡದಿದ್ದರೆ ಐದಕ್ಕೆ ಮುಗಿಯುವುದಿಲ್ಲ. ಹಳೆಯ ಸಾಲುಗಳನ್ನು ತಂದು ಸೇರಿಸಿ ನೋಡಿದಳು. ಜೇನಣ್ಣ ಆ ಭಾಗವನ್ನೇ ಹೊಸದಾಗಿ ಬರೆದಿದ್ದ, ಕೂಡಲಿಲ್ಲ. ಅವನಿಗೇ ಫೋನು ಹಚ್ಚಿದಳು.

"ಜೋರಾಗಿ ಮಾತಾಡಮ್ಮ, ಮುಖಕ್ಕೆ ಬಲೆ ಹಾಕ್ಕೊಂಡಿದೀನಿ."

"ಜೇನಣ್ಣ, ಒಂದೇ ಫ್ರೇಮನ್ನ ಎರಡು ಕಂಪ್ಯೂಟರು ಬರೀತಿವೆ."

ಆ ಕಡೆ ಜೇನುಗೂಡಿನ ಮುಚ್ಚಳ ಕೆಳಗಿಟ್ಟ ಸದ್ದಾಯಿತು.

"ಆ ದೆವ್ವ ಕೊನೆಗೂ ಸಿಕ್ತಾ? ಹಂಚುಗಾರನ ಪುಟದಲ್ಲಿ ಒಬ್ರು ದೂರು ಬರೆದು ಎರಡು ವರ್ಷ ಆಯ್ತು. ನನ್ನ ಹತ್ರ ಇರೋದೇ ಮೂರು ಕಂಪ್ಯೂಟರು, ಒಂದು ಸಲಾನೂ ಕಾಣಿಸ್ಲಿಲ್ಲ. ಅಲ್ಲಮ್ಮ, ನಿಮ್ಮಲ್ಲಿ ಹದಿನಾಲ್ಕಿವೆ. ಇಷ್ಟು ದಿನ ಅಲ್ಲಿಗೆ ಈ ದೆವ್ವ ಬರದೇ ಇದ್ದದ್ದು ಹೇಗೆ?"

ಅವನು ಕೇಳಿದ್ದು ಸುಮ್ಮನೆ. ಆದರೆ ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಂಡವನ ಹಾಗಾಯಿತು ಅವಳಿಗೆ.

"ಬಂದಿತ್ತು. ನಾನೇ ಸರಿಮಾಡ್ಕೊಂಡಿದ್ದೆ. ಕಳಿಸ್ಲಿಲ್ಲ."

"ಯಾಕೆ?"

"ಆಗ ಗಡಿಬಿಡಿ. ಆಮೇಲೆ, ಇಷ್ಟು ತಡವಾಗಿ ಹೇಗೆ ಕಳಿಸೋದು ಅಂತ ನಾಚಿಕೆ."

"ಆ ದೂರು ಓದಿದ್ದೆಯಾ?"

"ಓದಿದ್ದೆ."

"ಗೂಡು ತೆರೆದಿಟ್ಟಿದೀನಿ. ಮುಚ್ಚಿ ಬರ್ತೀನಿ," ಎಂದು ಫೋನಿಟ್ಟ.

ಐದು ನಿಮಿಷ ಕಳೆಯಿತು. ಹತ್ತಾಯಿತು. ಅಕ್ಕ ಬಕೆಟ್ಟಿನಲ್ಲಿ ನೀರು ತಂದು ನೆಲಕ್ಕೆ ಚಿಮುಕಿಸಿದಳು. ಇಪ್ಪತ್ತು ನಿಮಿಷವಾಯಿತು. "ಬರ್ತಾನೇನೇ?" ಎಂದಳು ಕೊನೆಗೆ. ಅಷ್ಟರಲ್ಲಿ ಫೋನು ರಿಂಗಾಯಿತು.

"ಕೂತಿದೀನಿ. ಆ ಹನ್ನೊಂದು ಸಾಲು ಓದು."

ಓದಿದಳು. ಅದರಲ್ಲಿದ್ದದ್ದು ದೊಡ್ಡ ವಿದ್ಯೆಯೇನಲ್ಲ. ಕಾಲುವೆಯ ತೂಬು ಎತ್ತುವ ಮೊದಲು, ಸರದಿ ಇನ್ನೂ ನನ್ನದೇ ತಾನೇ ಎಂದು ಪಕ್ಕದ ಹೊಲದವನನ್ನು ಕೂಗಿ ಕೇಳಿದ ಹಾಗೆ, ಪ್ರತಿ ಕಂಪ್ಯೂಟರೂ ಬರೆಯುವ ಮೊದಲು ಹಂಚುಗಾರನನ್ನು ಒಮ್ಮೆ ಕೇಳಬೇಕು. ಅಷ್ಟೇ.

"ಇಷ್ಟೇನಾ!" ಎಂದ ಜೇನಣ್ಣ. ಆ ಒಂದು ಮಾತಿನಲ್ಲಿ ಬೈಗುಳವೂ ಇತ್ತು, ನಗುವೂ ಇತ್ತು.

ಇಬ್ಬರೂ ಸೇರಿ ಅದನ್ನು ಹೊಸದಕ್ಕೆ ಹೊಂದಿಸುವಾಗ ಒಂದು ಗಂಟೆ ದಾಟಿತ್ತು. ಪರೀಕ್ಷೆಗೆಂದು ತಂಗಿ ಏಳನೆಯದನ್ನು ತಾನೇ ಮಲಗಿಸಿದಳು. ಫೋನಿನಲ್ಲಿದ್ದ ಜೇನಣ್ಣನೂ ಸೇರಿ ಮೂವರೂ ಐದು ನಿಮಿಷ ಕಾದರು. ಹಂಚುಗಾರ ಫ್ರೇಮನ್ನು ಮೂರಕ್ಕೆ ಕೊಟ್ಟಿತು. ಏಳನ್ನು ಎಬ್ಬಿಸಿದಳು. ಅದು ಕೇಳಿತು, ಇಲ್ಲ ಎಂಬ ಉತ್ತರ ಬಂತು. ಅರ್ಧ ಬಿಡಿಸಿದ್ದನ್ನು ಬಿಟ್ಟು ಬೇರೆ ಫ್ರೇಮು ಎತ್ತಿಕೊಂಡಿತು.

ಒಂದು ಇಪ್ಪತ್ತೈದಕ್ಕೆ ಹದಿನಾಲ್ಕೂ ಹೊರಟವು. ಒಂದೊಂದಾಗಿ ಮಲಗಿದವು, ಎದ್ದವು, ಕೇಳಿ ಬರೆದವು. ಐದಕ್ಕೆ ಹದಿನೈದು ನಿಮಿಷವಿರುವಾಗ ಮುದುಕಿ ಆಚೆ ದಡ ಮುಟ್ಟಿದಳು. ಇನ್ನೂ ಆರು ನಿಮಿಷವಿರುವಾಗ ಚಿತ್ರ ಹೋಗಿ ತಲುಪಿತು. ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

ತಂಗಿ ಜೇನಣ್ಣನಿಗೆ ಫೋನು ಮಾಡಿದಳು. "ನಿಮ್ಮ ಋಣ ಹೇಗೆ ತೀರಿಸ್ಲಿ?"

"ನನ್ನದೇನಿದೆ? ಆ ದೂರು ಇನ್ನೂ ಹಾಗೇ ಇದೆ. ಅದರ ಕೆಳಗೆ ನೀನೇ ಬರಿ, ನಿನ್ನ ಹೆಸರಲ್ಲೇ."

ಸಾಲುಗಳನ್ನು ಕಳಿಸಿ, ದೂರಿನ ಕೆಳಗೆ ಬರೆದಳು: 'ಈ ದೋಷಕ್ಕೆ ಮದ್ದು ಎರಡು ವರ್ಷದಿಂದ ನನ್ನಲ್ಲಿತ್ತು. ನಿಮ್ಮ ದೂರನ್ನು ಓದಿಯೂ ಸುಮ್ಮನಿದ್ದೆ.'

ಜೇನಣ್ಣ ಅವನ್ನು ಸೇರಿಸಿಕೊಂಡ. ಹೊತ್ತು ಇಳಿಯುವ ಮೊದಲೇ, ದೂರು ಬರೆದವರ ಉತ್ತರ ಬಂತು: 'ತಿಳಿಸಿದ್ದಕ್ಕೆ ಸಂತೋಷ. ನಮ್ಮ ಚಿತ್ರ ಅರ್ಧಕ್ಕೇ ನಿಂತಿತು. ಕಂಪ್ಯೂಟರುಗಳನ್ನು ಹೋದ ವರ್ಷ ಮಾರಿದೆವು. ಬೇರೆಯವರಿಗಾದರೂ ಆಗಲಿ.'

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು: 'ಆ ಚಿತ್ರದ ಕಡತಗಳು ಇನ್ನೂ ನಿಮ್ಮಲ್ಲಿವೆಯೆ? ಇಲ್ಲಿ ಹದಿನಾಲ್ಕು ಕಂಪ್ಯೂಟರು ಇವತ್ತಿನಿಂದ ಖಾಲಿ.'

ಉತ್ತರ ಬರಲಿಲ್ಲ. ತಗಡು ತಣಿಯುತ್ತಾ ಟಿಕ್ ಎಂದಿತು.

"ಇನ್ನೇನು ಕೆಲಸ, ಆರಿಸಿಬಿಡ್ಲಾ?" ಎಂದು ಅಕ್ಕ ಸ್ವಿಚ್ಚಿಗೆ ಕೈ ಹಾಕಿದಳು.

"ಬೇಡಕ್ಕ," ಎಂದಳು ತಂಗಿ. "ಇರ್ಲಿ ಬಿಡು."