ಬಚ್ಚಲಿನ ಬಲ್ಬು

ಸಿಂಗಸಂದ್ರದ ಆ ವಠಾರದಲ್ಲಿ ಹನ್ನೊಂದು ಕೋಣೆಗೆ ಒಂದೇ ಬಚ್ಚಲು. ಅದರೊಳಗೆ ಕೈಗೆಟುಕುವಂತೆ ಒಂದು ಹಿತ್ತಾಳೆ ಹೋಲ್ಡರ್ ಜೋತುಬಿದ್ದಿತ್ತು, ಬಲ್ಬ್ ಇರಲಿಲ್ಲ. ಹಾಕಿದರೆ ಕದಿಯುತ್ತೀರಿ ಎಂದು ಮಾಲೀಕ ನರಸಿಂಹಯ್ಯ ಕೈ ತೊಳೆದುಕೊಂಡಿದ್ದ. ಮೀಯಲು ಹೋಗುವವರು ಬಿಂದಿಗೆಯ ಜೊತೆ ಮನೆಯ ಬಲ್ಬನ್ನೂ ಒಯ್ಯಬೇಕು. ಮಿಂದ ಮೇಲೆ ಒಳಗಿನ ಸ್ವಿಚ್ ಆರಿಸಿ, ಒದ್ದೆ ಕೈಯಲ್ಲೇ ಬಿಚ್ಚಿ ತರಬೇಕು. ಹೊಸೂರು ರಸ್ತೆಯಾಚೆ ಹೊಸ ಕಂಪ್ಯೂಟರ್ ಕಂಪನಿ ಹಗಲಲ್ಲೂ ದೀಪ ಉರಿಸುತ್ತಿತ್ತು. ಅದಕ್ಕೆ ಇಟ್ಟಿಗೆ ಹೊತ್ತವರು ಇಲ್ಲಿ ಬಲ್ಬ್ ಹಿಡಿದು ಸಾಲು ನಿಲ್ಲುತ್ತಿದ್ದರು.

ಮಹಾದೇವಿ ಸ್ವಿಚ್‌ಬೋರ್ಡ್ ಕಾರ್ಖಾನೆಯ ಕೆಲಸದವಳು. ಏಳು ತಿಂಗಳ ಬಸುರಿ ಅಕ್ಕ ರುಕ್ಮವ್ವ, “ಬಲ್ಬ್ ಬಿಚ್ಚೂವಾಗ ಕೈ ಜುಮ್ ಅಂತದವ್ವಾ” ಎಂದದ್ದು ಅವಳ ತಲೆ ಕೊರೆಯುತ್ತಿತ್ತು. ಆ ಸಂಜೆ ಕೆಲಸ ಬಿಟ್ಟು ಬಂದವಳೇ ಬಚ್ಚಲಿಗೆ ನುಗ್ಗಿ ಹೋಲ್ಡರಿಗೆ ಟೆಸ್ಟರ್ ಇಟ್ಟಳು. ಸ್ವಿಚ್ ಆರಿತ್ತು. ಟೆಸ್ಟರ್ ಉರಿಯಿತು.

ಅವಳು ನರಸಿಂಹಯ್ಯನ ಜಗಲಿಗೆ ಓಡಿದಳು. ಒಳಗೆ ಟೀವಿ ಹಾಡುತ್ತಿತ್ತು; ಕೂಗಿ ಕೂಗಿ ಅವನು ಹೊರಬರುವಷ್ಟರಲ್ಲಿ ಬಹಳ ಹೊತ್ತಾಯಿತು.

“ಸಾವುಕಾರ್ರೇ, ವೈರಿಂಗ್ ತಿರುವುಮುರುವು ಆಗ್ಯಾದ. ಸ್ವಿಚ್ ಆರಿಸಿದ್ರೂ ಹೋಲ್ಡರಿಗೆ ಕರೆಂಟ್ ಬರ್ಲಿಕ್ಕತ್ಯಾದ. ಮಂದಿ ಸಾಯ್ತಾರ!”

“ಆರು ವರ್ಷದಿಂದ ಯಾರ್ ಸತ್ತವ್ರಮ್ಮಾ? ಟೆಸ್ಟರ್ ಹಿಡ್ಕೊಂಡ್ಬಿಟ್ರೆ ಇಂಜಿನಿಯರ್ ಆಗೋಗ್ತೀಯಾ?” ನರಸಿಂಹಯ್ಯ ಎಲೆಯಡಿಕೆ ಉಗಿದ. “ಇಷ್ಟ ಇಲ್ದಿದ್ರೆ ನಾಳೇನೇ ಕೋಣೆ ಖಾಲಿ ಮಾಡಿ.”

ತುಂಬಿದ ಬಸುರಿಯನ್ನು ಕಟ್ಟಿಕೊಂಡು ಎಲ್ಲಿ ಕೋಣೆ ಹುಡುಕುವುದು? ಬಾಯಿ ಮುಚ್ಚಿಸಲು ಬಡವರ ಮನೆಬಾಗಿಲಿಗಿಂತ ಒಳ್ಳೆಯ ಬೀಗ ಇಲ್ಲ. ಮಹಾದೇವಿ ಬಚ್ಚಲ ಕಡೆ ತಿರುಗಿ ನೋಡಿದಳು. ಆಗಲೇ ಸಾಲಿನಲ್ಲಿ ನಿಂತಿದ್ದ ಅಕ್ಕ ಈಗ ಅಲ್ಲಿರಲಿಲ್ಲ.

“ಚನ್ನಕ್ಕಾ, ನಮ್ಮಕ್ಕ ಎಲ್ಲಿ?”

“ಒಳಗ ಹೋಗ್ಯಾಳ. ಬಸುರಿ ಅಂತ ನಾನಽ ಪಾಳಿ ಬಿಟ್ಟುಕೊಟ್ಟೆ,” ಎಂದಳು ಪಕ್ಕದ ಕೋಣೆಯ ಚನ್ನಕ್ಕ.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತ್ತು. ಬಾಗಿಲ ಸಂದಿಯ ಬೆಳಕು ಫಕ್ಕನೆ ಆರಿತು.

“ಯಕ್ಕಾ! ಬಲ್ಬ್ ಮುಟ್ಟಬ್ಯಾಡ!” ಜಗಲಿಯಿಂದಲೇ ಚೀರಿದಳು ಮಹಾದೇವಿ.

“ಯಾಕ ಒದರ್ತಿ? ಸ್ವಿಚ್ ಆರಿಸೀನವ್ವಾ!”

ಅಲ್ಲಿಗೆ ಓಡುವಷ್ಟು ಹೊತ್ತಿಲ್ಲ, ಒಳಗಿನಿಂದ ಚಿಲಕ ಬೇರೆ. ಮಹಾದೇವಿ ಜಗಲಿಯ ಗೋಡೆಯಲ್ಲಿದ್ದ ಮೇನ್ ಬೋರ್ಡಿಗೆ ಹಾರಿದಳು. ನರಸಿಂಹಯ್ಯ ರಟ್ಟೆ ಹಿಡಿದ. ಕೊಸರಿಕೊಂಡು ಫ್ಯೂಸ್ ಕಿತ್ತಳು. ಟೀವಿ ಬಾಯಿ ಮುಚ್ಚಿತು, ವಠಾರವಿಡೀ ಕಪ್ಪಾಯಿತು.

ಬಚ್ಚಲಿನಿಂದ ಸದ್ದಿಲ್ಲ.

“ಯಕ್ಕಾ?”

ಮಹಾದೇವಿ ಜಗಲಿಯಿಂದ ಕೆಳಗೆ ಧುಮುಕಿದಳು.

ಚಿಲಕ ಸರಿಯಿತು. “ಸೀರಿ ಉಟ್ಟುಕೊಳ್ಳಾಕೂ ಬಿಡಲ್ಲಲ್ಲೇ ನೀ!” ರುಕ್ಮವ್ವ ಬಲ್ಬ್ ಹಿಡಿದು ಹೊರಬಂದಳು.

“ಫ್ಯೂಸ್ ಕೊಡು, ಇಲ್ಲಾಂದ್ರೆ ಪೊಲೀಸ್ ಕರೀತೀನಿ!” ನರಸಿಂಹಯ್ಯ ಗುಡುಗಿದ.

“ಕರೀರಿ. ಅವ್ರ ಕೈಲೇ ಆ ಹೋಲ್ಡರ್ ಮುಟ್ಟಿಸೋಣ.” ಮಹಾದೇವಿ ಫ್ಯೂಸನ್ನು ಕುಪ್ಪಸದೊಳಗೆ ಸೇರಿಸಿದಳು. “ವೈರ್‌ಮನ್ ಬರಬೇಕು. ಸ್ವಿಚ್ ಬಚ್ಚಲದ ಹೊರಗ ಬರಬೇಕು. ಹೋಲ್ಡರ್ ಕೈಗೆ ಸಿಗದಷ್ಟು ಮ್ಯಾಲೆ ಏರಬೇಕು. ನಿಮ್ಮದಽ ಬಲ್ಬ್, ಮ್ಯಾಲೊಂದು ಗಾಜಿನ ಮುಚ್ಚಳ. ಆಮ್ಯಾಲೆ ಫ್ಯೂಸ್.”

“ನಿಮ್ಮೋರೇ ಕತ್ತಲಲ್ಲಿ ಕೂತು ಬೈತಾರೆ ನೋಡ್ತಿರು.”

“ಕೂಡ್ತೀವಿ ಬಿಡ್ರಿ,” ಎಂದು ಚನ್ನಕ್ಕ ಜಗಲಿಯ ಮೆಟ್ಟಿಲ ಮೇಲೆಯೇ ಕುಕ್ಕರಿಸಿದಳು. ಅವಳ ಹಿಂದೆ ಇಡೀ ಸಾಲು ಬಂದು ಕೂತಿತು, ಕೈಯಲ್ಲಿ ಬಲ್ಬ್, ಹೆಗಲಲ್ಲಿ ಟವೆಲು.

ಒಳಗಿನಿಂದ ನರಸಿಂಹಯ್ಯನ ಹೆಂಡತಿ ಟೀವಿಗೇನಾಯಿತೆಂದು ಕೂಗಿದಳು. ಅವನು ಕೂತವರ ನಡುವೆ ದಾರಿ ಮಾಡಿಕೊಂಡು ಇಳಿದು, ವೈರ್‌ಮನ್‌ನನ್ನು ಕರೆತರಲು ಸ್ಕೂಟರ್ ಒದ್ದ.