ಬಚ್ಚಲಗಲ್ಲು

ಇಳಕಲ್ಲಿನ ಗುರುಲಿಂಗವ್ವನ ಬಾಯಿ ಎಂದರೆ ಬಾಯಿ. ಆ ಮನೆಯಲ್ಲಿ ಮಗ ಅಂದಾನಪ್ಪನದಾಗಲಿ ಸೊಸೆ ಬನಶಂಕರಿಯದಾಗಲಿ ಏನೂ ನಡೆಯುತ್ತಿರಲಿಲ್ಲ. ಮುದುಕಿ ಹೇಳಿದ್ದೇ ಆಗಬೇಕು.

ಮನೆಯ ಬೂದು ಬೆಕ್ಕು ಎಷ್ಟೋ ವರ್ಷದಿಂದ ಇಲಿಗಳ ಬಾಯಿಂದ ರೇಷ್ಮೆ ನೂಲು ಕಾದಿತ್ತು. ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಅದಕ್ಕೇನು ದೆವ್ವ ಹೊಕ್ಕಿತೋ, ನೀರು ನೀರು ಎಂದು ಸಾಯತೊಡಗಿತು. ತನ್ನ ಬಟ್ಟಲು ಬರಿದು ಮಾಡಿ ಗಂಜಿಯ ಬೋಗುಣಿಗೆ ಬಾಯಿ ಹಾಕುವುದು, ಅಂದಾನಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲೇ ಉಚ್ಚೆ ಹೊಯ್ಯುವುದು. ಕೊನೆಗೆ, ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರನ ಕಡೆಯ ಮಲೀಕಸಾಬ ಸೀರೆಯನ್ನು ಮೂಸಿ ಮೂಗು ಮುಚ್ಚಿಕೊಂಡ.

“ಇನ್ನೊಮ್ಮಿ ಹಿಂಗಾದ್ರ ಬ್ಯಾರೆ ಮಗ್ಗ ನೋಡ್ತೇವಿ, ಅಂದಾನಪ್ಪ.”

ಬೆಕ್ಕನ್ನು ದನದ ದವಾಖಾನೆಗೆ ಒಯ್ಯುತ್ತೇನೆ ಎಂದ ಅಂದಾನಪ್ಪ. ಗುರುಲಿಂಗವ್ವ ನಕ್ಕುಬಿಟ್ಟಳು.

“ಬೆಕ್ಕಿಗೆ ಡಾಕ್ಟರ? ಮಂದಿ ಉಗುಳ್ತಾರ! ಕುಡದ್ರ ತಾನ ಹೊಯ್ಯೂದು? ನೀರ ತಗೀರಿ, ಎಲ್ಲಾ ನಿಂದರತೈತಿ. ಬಚ್ಚಲಗಲ್ಲನೂ ಒಣಾ ಒರಸು ಬನಶಂಕರಿ, ಅದನ್ನೂ ನೆಕ್ಕತೈತಿ ದರಿದ್ರದ್ದು.”

ನಿಂತಿತು, ಎಲ್ಲಾ ನಿಂತಿತು. ಕೆಲವು ದಿನಕ್ಕೆ ಬೆಕ್ಕು ಆ ಒಣಕಲ್ಲಿನ ಮೇಲೆ ನಾಲಿಗೆ ಚಾಚಿ ಸತ್ತುಬಿದ್ದಿತ್ತು. ಅಂದಾನಪ್ಪ ಕಣ್ಣೊರೆಸಿಕೊಂಡ. “ಬೆಕ್ಕಿಗೆ ಅಳ್ತಿಯೇನಲೇ? ವಯಸ್ಸಾಗಿತ್ತು, ಹೋತು” ಎಂದು ಅವನನ್ನೇ ಗದರಿದಳು ಮಹಾತಾಯಿ.

ಮರುವರ್ಷ ಬಾಯಾರಿಕೆ ಗುರುಲಿಂಗವ್ವನನ್ನೇ ಹಿಡಿಯಿತು. ತಂಬಿಗೆಗಟ್ಟಲೆ ಕುಡಿದರೂ ನಾಲಿಗೆ ಒಣಗಿದ್ದೇ. ಏಳುವಷ್ಟರಲ್ಲಿ ಹಾಸಿಗೆ ಒದ್ದೆ. ಹಾಸಿಗೆಯೋ ಮಗ್ಗದ ಪಕ್ಕದಲ್ಲೇ. ಮಲೀಕಸಾಬ ಬಂದವನು ಮತ್ತೆ ಮೂಗು ಮುಚ್ಚಿಕೊಂಡ.

ಅಂದು ಅಂದಾನಪ್ಪ ತಾಯಿಯ ತಲೆ ಸವರಿ, ದಿಂಬಿನ ಬಳಿಯ ತಂಬಿಗೆಯನ್ನು ಎತ್ತಿಕೊಂಡ. “ನಿನ್ನ ಒಳ್ಳೇದಕ್ಕ, ಯವ್ವಾ. ಕುಡದ್ರ ತಾನ ಹೊಯ್ಯೂದು?”

ಮುದುಕಿಗೆ ಬೆಕ್ಕು ನೆನಪಾಯಿತು. “ನನ್ನ ದವಾಖಾನಿಗೆ ಕರಕೊಂಡು ಹೋಗೋ” ಎಂದಳು.

“ಈ ಸೀರಿ ಮಗ್ಗದಿಂದ ಇಳೀಲಿ, ಹೋಗೂಣು” ಎಂದ ಮಗ. ಅವನ ದನಿಯಲ್ಲಿ ಕೆಡುಕೆಂಬುದು ಎಳ್ಳಷ್ಟೂ ಇರಲಿಲ್ಲ. ಬೈಯೋಣವೆಂದರೆ ಮಾತೆಲ್ಲ ತನ್ನವೇ!

ಮಧ್ಯಾಹ್ನ ಮಗ್ಗ ಸದ್ದು ಮಾಡುತ್ತಿರುವಾಗ ಗುರುಲಿಂಗವ್ವ ಗೋಡೆ ಹಿಡಿದು ಬಚ್ಚಲಿಗೆ ಹೋದಳು. ಸೊಸೆ ಆಗಷ್ಟೇ ಪಾತ್ರೆ ತೊಳೆದಿದ್ದಳು; ಕಲ್ಲಿನ ತಗ್ಗಿನಲ್ಲಿ ಒಂದು ಗುಟುಕಾದರೂ ಉಳಿದೀತೆಂದು ಆಸೆ. ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದಳು.

ಬನಶಂಕರಿ ಅತ್ತೆಯ ಮಾತು ಮರೆಯುವ ಹೆಂಗಸಲ್ಲ. ಕಲ್ಲನ್ನು ಒಣಗುವಂತೆ ಒರೆಸಿಟ್ಟಿದ್ದಳು.